ಆಟಕ್ಕುಂಟು, ಲೆಕ್ಕಕ್ಕಿಲ್ಲ

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಾಗಬೇಕೆಂದರೆ ಪಿಯುಸಿ ಮುಗಿದ ಮೇಲೆ ಕಡಿಮೆಯೆಂದರೂ ಐದು ವರ್ಷ ಓದಬೇಕು: ಪದವಿಗೆ ಮೂರು ವರ್ಷ, ಬಿ.ಪಿ.ಇಡಿ.ಗೆ ಎರಡು ವರ್ಷ. ಆ ಎರಡು ವರ್ಷಗಳಲ್ಲಿ ಅಂಗರಚನೆ, ಶರೀರಕ್ರಿಯೆ, ಕ್ರೀಡಾ ಮನೋವಿಜ್ಞಾನ, ತರಬೇತಿಯ ತತ್ವ, ತೀರ್ಪುಗಾರಿಕೆ, ಪಾಠ ಬೋಧನೆಯ ಅಭ್ಯಾಸ ಎಲ್ಲವೂ ಇರುತ್ತವೆ. ಇಷ್ಟು ಓದಿ ಬಂದವರು ಕಲಿಸುವ ವಿಷಯಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಇರುವ ಬೆಲೆ ಏನು? ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಆ 625ರಲ್ಲಿ ದೈಹಿಕ ಶಿಕ್ಷಣಕ್ಕೆ ಒಂದು ಅಂಕವೂ ಇಲ್ಲ. ಶಾಲೆಯ ಮಟ್ಟದಲ್ಲಿ ಒಂದು ಶ್ರೇಣಿ ಕೊಟ್ಟು ಮುಗಿಸುತ್ತಾರೆ, ಆ ಶ್ರೇಣಿಯನ್ನು ಮುಂದೆ ಯಾವ ಕಾಲೇಜಿನವರೂ ಕೇಳುವುದಿಲ್ಲ. ಕಲಿಸುವವರಿಗೆ ಪೂರ್ಣ ಅರ್ಹತೆ ಬೇಕು, ಕಲಿಯುವವರಿಗೆ ಅರ್ಹತೆಯ ಪ್ರಶ್ನೆಯೇ ಇಲ್ಲ ಎಂಬ ಈ ವ್ಯವಸ್ಥೆ ಸರಿಯಲ್ಲ. ಆಟ ಎಲ್ಲ ಮಕ್ಕಳಿಗೂ ಅಂಕದ ಹಂಗಿಲ್ಲದೆ ಸಿಗಬೇಕು. ಅದರ ಜೊತೆಗೆ, ಬಯಸಿದ ಮಕ್ಕಳಿಗೆ ದೈಹಿಕ ಶಿಕ್ಷಣ ಪ್ರೌಢಶಾಲೆಯಿಂದಲೇ ಪರೀಕ್ಷೆಯುಳ್ಳ, ಮುಂದಿನ ಓದಿಗೆ ದಾರಿಯಾಗುವ ಒಂದು ಐಚ್ಛಿಕ ವಿಷಯವಾಗಬೇಕು. ಇವೆರಡನ್ನೂ ಒಂದೇ ಪೀರಿಯಡ್ಡಿನಲ್ಲಿ ತುರುಕಿದ್ದರಿಂದಲೇ ಎರಡೂ ಕೆಟ್ಟಿವೆ.

ವಿಷಯಕ್ಕೆ ಪಠ್ಯವೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘ ಪ್ರೌಢಶಾಲೆಯ ತರಗತಿಗಳಿಗೆ ದೈಹಿಕ ಶಿಕ್ಷಣದ ಪುಸ್ತಕ ತಂದಿದೆ. ಆಟಗಳ ನಿಯಮ, ಅಂಕಣದ ಅಳತೆ, ಯೋಗ, ಆರೋಗ್ಯ ಎಲ್ಲ ಅದರಲ್ಲಿವೆ. ವೇಳಾಪಟ್ಟಿಯಲ್ಲಿ ಪೀರಿಯಡ್ಡೂ ಇದೆ. ಆದರೆ ಪರೀಕ್ಷೆಯಿಲ್ಲದ ಪೀರಿಯಡ್ಡಿಗೆ ಕಾವಲುಗಾರರಿಲ್ಲ. ದಸರಾ ರಜೆ ಮುಗಿದು ಹತ್ತನೇ ತರಗತಿಯ ವಿಶೇಷ ತರಗತಿಗಳು ಶುರುವಾದರೆ ಗಣಿತ, ವಿಜ್ಞಾನ, ಇಂಗ್ಲಿಷ್ ಮೊದಲು ನುಂಗುವುದು ಪಿ.ಟಿ. ಪೀರಿಯಡ್ಡನ್ನೇ. ಫಲಿತಾಂಶದಲ್ಲಿ ಜಿಲ್ಲೆಯ ಸ್ಥಾನ ಎಷ್ಟನೆಯದು ಎಂಬ ಲೆಕ್ಕಕ್ಕೆ ಕಟ್ಟುಬಿದ್ದ ಮುಖ್ಯ ಶಿಕ್ಷಕರನ್ನು ಇದಕ್ಕಾಗಿ ದೂರಿ ಪ್ರಯೋಜನವಿಲ್ಲ. ಅವರ ಮೇಲಿನ ಒತ್ತಡ ಆ 625ರ ಸುತ್ತಲೇ ಇದೆ. ಇನ್ನು ದೈಹಿಕ ಶಿಕ್ಷಕರ ವರ್ಷ ಕ್ರೀಡಾಕೂಟಗಳ ಸುತ್ತ ತಿರುಗುತ್ತದೆ. ಮಳೆಗಾಲದಲ್ಲಿ ವಲಯ, ತಾಲೂಕು, ಜಿಲ್ಲೆ, ಆಮೇಲೆ ಬೆಳಗಾವಿ ವಿಭಾಗ, ರಾಜ್ಯ. ತಂಡದಲ್ಲಿ ಆಯ್ಕೆಯಾದ ಹತ್ತು ಹನ್ನೆರಡು ಮಕ್ಕಳಿಗೆ ಆ ಎರಡು ಮೂರು ತಿಂಗಳು ತರಬೇತಿ ಸಿಗುತ್ತದೆ, ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ಮಿಕ್ಕ ದಿನಗಳಲ್ಲಿ ಪ್ರಾರ್ಥನೆಯ ಸಾಲು, ಆಗಸ್ಟ್ 15ರ ಪಥಸಂಚಲನ, ಗದ್ದಲ ಮಾಡುವ ತರಗತಿಗೆ ಶಿಸ್ತು. ಐದು ವರ್ಷದ ಓದಿನಲ್ಲಿ ಕಲಿತ ಶರೀರಶಾಸ್ತ್ರ ಹೊರಬರುವ ಜಾಗವೇ ಇದರಲ್ಲಿ ಇಲ್ಲ.

ಈ ಅಲಕ್ಷ್ಯಕ್ಕೆ ಒಂದು ಕಾನೂನಿನ ಕಾರಣವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಗ್ರಿ ಇರಬೇಕು ಎನ್ನುತ್ತದೆ. ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನಾದರೂ ಒದಗಿಸಬೇಕು ಎನ್ನುತ್ತದೆ. ಆದರೆ ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಗೆ ನಿಲ್ಲುತ್ತದೆ. ಹುಡುಗ ಹುಡುಗಿಯರ ಮೈ ವೇಗವಾಗಿ ಬೆಳೆಯುವ ಒಂಬತ್ತು, ಹತ್ತನೇ ತರಗತಿಗಳು ಅದರ ಹೊರಗೆ ಉಳಿದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೇ ತರಗತಿಯವರೆಗೆ ಕಡ್ಡಾಯವಾಗಿಸಿ, ಮುಂದಿನ ಎರಡು ವರ್ಷ ಐಚ್ಛಿಕ ವಿಷಯವಾಗಿ ಕೊಡಿ ಎಂದಿತ್ತು. 2023ರ ಚೌಕಟ್ಟು ಮತ್ತೆ ಅದನ್ನೇ ಹೇಳಿ, ದೈಹಿಕ ಶಿಕ್ಷಣವನ್ನು ಗಣಿತ, ವಿಜ್ಞಾನಗಳ ಸಾಲಿನಲ್ಲೇ ಕೂರಿಸಿತು. ಚೌಕಟ್ಟು ಎಂದರೆ ಸಲಹೆ, ಕಾನೂನಲ್ಲ. ಹಾಗಾಗಿ ಜಾರಿ ರಾಜ್ಯದ ಮನಸ್ಸಿಗೆ ಬಿಟ್ಟದ್ದು. ರಾಜ್ಯಕ್ಕೆ ಮನಸ್ಸು ಬಂದರೆ ಏನಾಗುತ್ತದೆ ಎಂಬುದಕ್ಕೆ ಅಕ್ಷರ ದಾಸೋಹವೇ ಸಾಕ್ಷಿ. ಬಿಸಿಯೂಟಕ್ಕೆ ಕೇಂದ್ರ ನೆರವು ಕೊಡುವುದು ಎಂಟನೇ ತರಗತಿಯವರೆಗೆ ಮಾತ್ರ. ಕರ್ನಾಟಕ ತನ್ನ ಖರ್ಚಿನಲ್ಲೇ ಅದನ್ನು ಹತ್ತರವರೆಗೆ ವಿಸ್ತರಿಸಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2023ರಲ್ಲಿ ಮೊಟ್ಟೆ, ಬಾಳೆಹಣ್ಣು ಒಂಬತ್ತು, ಹತ್ತನೇ ತರಗತಿಗೂ ಬಂದವು. ಪ್ರೌಢಶಾಲೆಯ ಮಗುವಿನ ಮೈ ತನ್ನ ಹೊಣೆ ಎಂದು ಸರ್ಕಾರ ಊಟದ ವಿಷಯದಲ್ಲಿ ಒಪ್ಪಿಕೊಂಡಾಗಿದೆ. ಆ ಮೈಯನ್ನು ಅರಿಯುವ, ಪಳಗಿಸುವ ಪಾಠದ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ.

ಈ ಭಾಗಕ್ಕೆ ವ್ಯಾಯಾಮ ವಿದ್ಯೆ ಹೊಸದಲ್ಲ. ಗದಗ, ಮುಂಡರಗಿ ಮುಂಬೈ ಪ್ರಾಂತದಲ್ಲಿದ್ದವು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೂ ಸೇರಿದ್ದವು. ಈ ಸೀಮೆಯಲ್ಲೆಲ್ಲ ಗರಡಿ ಮನೆ ಇತ್ತು, ಅಲ್ಲಿ ವಸ್ತಾದಿ ಇದ್ದರು, ಯಾರು ಯಾವ ಪಟ್ಟು ಕಲಿತಿದ್ದಾರೆ ಎಂಬುದು ಕಣದಲ್ಲೇ ತೀರ್ಮಾನವಾಗುತ್ತಿತ್ತು. ದೈಹಿಕ ಶಿಕ್ಷಕರ ಆಧುನಿಕ ತರಬೇತಿ ದೇಶದಲ್ಲಿ ಶುರುವಾದದ್ದು 1920ರಲ್ಲಿ, ಹ್ಯಾರಿ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದಾಗ. ಮುಂಬೈ ಪ್ರಾಂತದಲ್ಲಿ 1938ರಲ್ಲಿ ಕಾಂದಿವಲಿಯ ತರಬೇತಿ ಸಂಸ್ಥೆ ಬಂತು. ಸ್ವಾತಂತ್ರ್ಯದ ನಂತರ ಸಿ.ಪಿ.ಇಡಿ., ಡಿ.ಪಿ.ಇಡಿ., ಬಿ.ಪಿ.ಇಡಿ., ಎಂ.ಪಿ.ಇಡಿ. ಎಂದು ಶಿಕ್ಷಕರ ಅರ್ಹತೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ವಿಭಾಗವೇ ಇದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಈ ಮೆಟ್ಟಿಲುಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಪ್ರಾಥಮಿಕ ಹಂತಕ್ಕೆ ಡಿ.ಪಿ.ಇಡಿ., ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತಕ್ಕೆ ಬಿ.ಪಿ.ಇಡಿ., ಅದರ ಮೇಲಿನದಕ್ಕೆ ಎಂ.ಪಿ.ಇಡಿ., ಮೂರಕ್ಕೂ ಎರಡೆರಡು ವರ್ಷ. ಸುಮಾರು ನೂರು ವರ್ಷಗಳಲ್ಲಿ ಮಾಸ್ತರರ ಏಣಿ ಪೂರ್ಣಗೊಂಡಿತು. ಆ ಏಣಿಯ ಬುಡದಲ್ಲಿ ವಿದ್ಯಾರ್ಥಿ ಕಾಲಿಡಬೇಕಾದ ಮೆಟ್ಟಿಲನ್ನು ಮಾತ್ರ ಯಾರೂ ಕಟ್ಟಲಿಲ್ಲ.

ಮೆಟ್ಟಿಲಿಲ್ಲದಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ಎರಡು ಬಗೆಯದು. ಮೊದಲನೆಯದು ಎಲ್ಲ ಮಕ್ಕಳದು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತೆ ಓಡಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. 2019ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ ಜಗತ್ತಿನ ಹದಿಹರೆಯದವರಲ್ಲಿ ಶೇ 81ರಷ್ಟು, ಭಾರತದಲ್ಲಿ ಸುಮಾರು ಶೇ 74ರಷ್ಟು ಮಂದಿ ಆ ಮಟ್ಟ ಮುಟ್ಟುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ತನ್ನ ಉಸಿರು ಯಾಕೆ ಬೇಗ ಕಟ್ಟುತ್ತದೆ, ಅದಕ್ಕೂ ಊಟಕ್ಕೂ ಏನು ಸಂಬಂಧ ಎಂದು ಹುಡುಗಿಯೊಬ್ಬಳು ಕಲಿಯಬೇಕಾದದ್ದು ಈ ಪೀರಿಯಡ್ಡಿನಲ್ಲೇ. ಎರಡನೆಯದು ಮೈಯನ್ನೇ ನೆಚ್ಚಿ ಬದುಕು ಕಟ್ಟಿಕೊಳ್ಳಬೇಕೆನ್ನುವವರ ನಷ್ಟ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು, 7.26 ಕಿಲೋ ಗುಂಡನ್ನು 5.60 ಮೀಟರ್ ಎಸೆಯಬೇಕು. ಮಹಿಳೆಯರು 400 ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಬೇಕು. ಸೇನೆಯ ಅಗ್ನಿವೀರ ನೇಮಕಾತಿಯಲ್ಲೂ ಓಟ ಒಂದು ಜರಡಿ. ಮಳೆಯಾಶ್ರಿತ ಹೊಲಗಳ ಈ ತಾಲೂಕುಗಳಲ್ಲಿ ಅಂಥ ನೌಕರಿಗಾಗಿ ಕಾಯುವ ಯುವಕರಿಗೆ ಬರವಿಲ್ಲ. ಮೈ ಕಾಯಿಸಿಕೊಳ್ಳುವುದು ಹೇಗೆ, ಓಟದ ದೂರವನ್ನು ವಾರದಿಂದ ವಾರಕ್ಕೆ ಎಷ್ಟು ಏರಿಸಬೇಕು, ಮೊಳಕಾಲ ಕೆಳಗಿನ ಎಲುಬು ಯಾಕೆ ನೋಯುತ್ತದೆ ಎಂಬುದನ್ನು ಅವರು ದುಡ್ಡು ಕೊಟ್ಟು ಖಾಸಗಿ ಅಕಾಡೆಮಿಯಲ್ಲಿ ಕಲಿಯುತ್ತಾರೆ, ಇಲ್ಲವೆ ಪೆಟ್ಟು ಮಾಡಿಕೊಂಡು ಕಲಿಯುತ್ತಾರೆ. ಸರ್ಕಾರ ನೇಮಕಾತಿಯಲ್ಲಿ ಕೇಳುವುದನ್ನು ತನ್ನ ಶಾಲೆಯಲ್ಲಿ ಕಲಿಸಿಲ್ಲ.

ಕ್ರೀಡಾಪಟುಗಳ ಕಥೆಯೂ ಬೇರೆಯಲ್ಲ. 1970ರಲ್ಲಿ ಗದಗದಲ್ಲಿ ಹುಟ್ಟಿದ ಸುನಿಲ್ ಜೋಶಿ ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯಗಳನ್ನು ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರಿನಲ್ಲಿ ಬರೀ ಆರು ರನ್ ಕೊಟ್ಟು ಐದು ವಿಕೆಟ್ ಪಡೆದರು. ಬಾಲ್ಯದಲ್ಲಿ ಅವರು ಬೆಳಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಮರಳಿ ಗದಗಕ್ಕೆ ಬಂದು ಶಾಲೆಗೆ ಹೋಗುತ್ತಿದ್ದದ್ದು ಕ್ರಿಕೆಟ್ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಛಲದ ಕಥೆಯಾಗಿ ಹೇಳುವುದು ರೂಢಿ. ಶಾಲೆ ಒಂದು ದಿಕ್ಕು, ಆಟ ಇನ್ನೊಂದು ದಿಕ್ಕು ಎಂಬ ವ್ಯವಸ್ಥೆಗೆ ಅದು ಪುರಾವೆಯೂ ಹೌದು. ಅಷ್ಟು ದೂರ ಹೋಗಿ ಬರುವ ಅನುಕೂಲ, ಮನೆಯವರ ಒಪ್ಪಿಗೆ ಎಷ್ಟು ಮಕ್ಕಳಿಗಿರುತ್ತದೆ? ಈಗ ಸೈಕ್ಲಿಂಗ್‌ನಲ್ಲಿ ವಿಜಯಪುರ, ಬಾಗಲಕೋಟೆಯ ಜೊತೆ ಗದಗದ ಹೆಸರೂ ಕೇಳಿಬರುತ್ತದೆ, ಕ್ರೀಡಾ ಇಲಾಖೆಯ ವಸತಿ ನಿಲಯಗಳು ಆಯ್ದ ಮಕ್ಕಳನ್ನು ಬೆಳೆಸುತ್ತವೆ. ಆದರೆ ಪದಕ ಗೆದ್ದವರಿಗೆ ಮಾತ್ರ ಅರ್ಹತೆ ಎಂದರೆ ತಾಲೂಕು ಮಟ್ಟದಲ್ಲಿ ಎರಡನೆಯವರಾಗಿ ಬಂದವರು, ತಂಡ ಕಟ್ಟಬಲ್ಲವರು, ಚೆನ್ನಾಗಿ ತೀರ್ಪು ಕೊಡಬಲ್ಲವರು, ಗಾಯಕ್ಕೆ ಪಟ್ಟಿ ಕಟ್ಟಬಲ್ಲವರು ಎಲ್ಲಿ ಹೋಗಬೇಕು? ಸಿಇಟಿಯ ಕ್ರೀಡಾ ಕೋಟಾ ಸಾಧನೆಯನ್ನು ಗುರುತಿಸುತ್ತದೆ. ಕಲಿಕೆಯನ್ನು ಗುರುತಿಸುವ ಕೆಲಸ ಪರೀಕ್ಷಾ ಮಂಡಳಿಯದು.

ಬೇರೆ ಮಂಡಳಿಗಳು ಇದನ್ನು ಎಂದೋ ಮಾಡಿವೆ. ಸಿಬಿಎಸ್‌ಇಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ದೈಹಿಕ ಶಿಕ್ಷಣ ಐಚ್ಛಿಕ ವಿಷಯ, 70 ಅಂಕ ಲಿಖಿತ, 30 ಅಂಕ ಪ್ರಾಯೋಗಿಕ. ಐಸಿಎಸ್‌ಇ ಹತ್ತನೇ ತರಗತಿಯಲ್ಲಿ ಅದನ್ನು ಮೂರನೇ ಗುಂಪಿನ ವಿಷಯವಾಗಿ ಕೊಡುತ್ತದೆ, ಅರ್ಧ ಲಿಖಿತ, ಅರ್ಧ ಆಂತರಿಕ. ಇಂಗ್ಲೆಂಡಿನಲ್ಲಿ ಆಟದ ಪೀರಿಯಡ್ ಹದಿನಾರರವರೆಗೆ ಎಲ್ಲರಿಗೂ ಕಡ್ಡಾಯ, ಅದಕ್ಕೆ ಪರೀಕ್ಷೆಯಿಲ್ಲ. ಬೇಕಾದವರು ಬೇರೆಯಾಗಿ ಜಿಸಿಎಸ್‌ಇ ದೈಹಿಕ ಶಿಕ್ಷಣ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಶೇ 60 ಲಿಖಿತ ಪರೀಕ್ಷೆ, ಶೇ 30 ಮೂರು ಆಟಗಳ ಪ್ರದರ್ಶನ, ಶೇ 10 ಆಟದ ವಿಶ್ಲೇಷಣೆ. ನಮ್ಮ ಪಿಯುಸಿಯ ಐಚ್ಛಿಕ ವಿಷಯಗಳಲ್ಲಿ ಸಂಗೀತವಿದೆ, ಮನಃಶಾಸ್ತ್ರವಿದೆ, ಗೃಹವಿಜ್ಞಾನವಿದೆ, ದೈಹಿಕ ಶಿಕ್ಷಣವಿಲ್ಲ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲೇ ಜವಾಹರ ನವೋದಯ ವಿದ್ಯಾಲಯವಿದೆ. ಅಲ್ಲಿನ ಮಕ್ಕಳು ಪರೀಕ್ಷೆ ಬರೆಯುವ ಸಿಬಿಎಸ್‌ಇ ಮಂಡಳಿಯ ಪಟ್ಟಿಯಲ್ಲಿ ಈ ವಿಷಯವಿದೆ; ಅದೇ ತಾಲೂಕಿನ ಪಟ್ಟಣದಲ್ಲಿ ಪಿಯುಸಿ ಓದುವ ಮಕ್ಕಳ ಪಟ್ಟಿಯಲ್ಲಿ ಇಲ್ಲ. ಇದರ ಪರಿಣಾಮ ಮುಂದಕ್ಕೂ ಹರಿಯುತ್ತದೆ. ಬಿ.ಪಿ.ಇಡಿ. ಪ್ರವೇಶಕ್ಕೆ ಕ್ರೀಡಾಕೂಟದಲ್ಲಿ ಭಾಗವಹಿಸಿದವರಿಗೆ ಒಂದು ದಾರಿಯಾದರೆ, ಪದವಿಯಲ್ಲಿ ದೈಹಿಕ ಶಿಕ್ಷಣವನ್ನು ಒಂದು ವಿಷಯವಾಗಿ ಓದಿ ಶೇ 45 ಪಡೆದವರಿಗೆ ಎನ್‌ಸಿಟಿಇ ಇನ್ನೊಂದು ದಾರಿ ಇಟ್ಟಿದೆ. ಶಾಲೆಯಲ್ಲಿ ವಿಷಯದ ಮುಖವನ್ನೇ ಕಾಣದ ಹುಡುಗ ಪದವಿಯಲ್ಲಿ ಅದನ್ನು ಆರಿಸಿಕೊಂಡಾನೆಂದು ನಿರೀಕ್ಷಿಸುವುದು ಹೇಗೆ?

ಹೊಸ ವ್ಯವಸ್ಥೆಗೆ ಹೊಸ ಯಂತ್ರವೇನೂ ಬೇಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಯೋಜನೆಯಡಿ ಐಟಿ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದ ವೃತ್ತಿ ವಿಷಯಗಳನ್ನು ತೃತೀಯ ಭಾಷೆಯ ಬದಲು ತೆಗೆದುಕೊಳ್ಳುವ ಅವಕಾಶ ಈಗಾಗಲೇ ಇದೆ. ಸಿಬಿಎಸ್‌ಇ ತನ್ನ ಒಂಬತ್ತು, ಹತ್ತನೇ ತರಗತಿಯ ಕೌಶಲ ವಿಷಯಗಳಲ್ಲಿ ಫಿಸಿಕಲ್ ಆಕ್ಟಿವಿಟಿ ಟ್ರೇನರ್ ಎಂಬುದನ್ನು ಸೇರಿಸಿದೆ. ಅದೇ ಬಾಗಿಲಿನಿಂದ ದೈಹಿಕ ಶಿಕ್ಷಣವನ್ನು ಒಳಗೆ ತರಬಹುದು. ಗದಗ-ಬೆಟಗೇರಿಯಲ್ಲಿ ಎರಡು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಒಂದೊಂದು ಪ್ರೌಢಶಾಲೆಯನ್ನು ಆರಿಸಿ, ಬಿ.ಪಿ.ಇಡಿ. ಆದ ಶಿಕ್ಷಕರೂ ಸಾಕಷ್ಟು ಬಯಲೂ ಇರುವ ಕಡೆ ಒಂಬತ್ತನೇ ತರಗತಿಯಿಂದ ಶುರುಮಾಡಬಹುದು. ಲಿಖಿತ ಭಾಗದಲ್ಲಿ ಶರೀರ, ಆಹಾರ, ಗಾಯ, ಪ್ರಥಮ ಚಿಕಿತ್ಸೆ, ಆಟದ ನಿಯಮ. ಪ್ರಾಯೋಗಿಕ ಭಾಗದಲ್ಲಿ ಒಂದು ಗುಂಪಾಟ, ಒಂದು ಅಥ್ಲೆಟಿಕ್ಸ್ ಸ್ಪರ್ಧೆ, ಯೋಗ ಇಲ್ಲವೆ ಮಲ್ಲಗಂಬ, ಕುಸ್ತಿಯಂಥ ದೇಸಿ ವಿದ್ಯೆ. ಅದರ ಜೊತೆಗೆ ಕಿರಿಯ ತರಗತಿಯವರ ಕಬಡ್ಡಿ, ಕೊಕ್ಕೊ ಪಂದ್ಯ ನಡೆಸಿ ತೀರ್ಪು ಕೊಟ್ಟ ದಾಖಲೆ. ಎರಡು ವರ್ಷ ಇದು ನಡೆದ ಮೇಲೆ ಪಿಯುಸಿಯಲ್ಲಿ ಐಚ್ಛಿಕ ವಿಷಯವಾಗಿ ಮುಂದುವರಿಸಬೇಕು. ಇಲ್ಲದಿದ್ದರೆ ಇದೂ ನಡುದಾರಿಯಲ್ಲಿ ಕೈಬಿಟ್ಟಂತಾಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಆಟದ ಪರವಾಗಿಯೇ ಬರುತ್ತದೆ. ಮಗುವಿಗೆ ಉಳಿದಿರುವ ಒಂದೇ ಬಿಡುವಿಗೂ ಅಂಕ ಹಚ್ಚಿದರೆ ಆಟದ ಖುಷಿ ಸಾಯುತ್ತದೆ, ನಾಳೆ ಅದಕ್ಕೂ ಟ್ಯೂಷನ್ ಬರುತ್ತದೆ ಎಂಬ ಆತಂಕ ಹುಸಿಯಲ್ಲ. ಎಲ್ಲ ಮಕ್ಕಳ ಆಟಕ್ಕೂ ಅಂಕ ಕೊಡಬೇಕೆಂದಿದ್ದರೆ ಅದು ಪೂರ್ತಿ ನಿಜವಾಗುತ್ತಿತ್ತು. ಇಲ್ಲಿನ ವಾದ ಅದಲ್ಲ. ಎಲ್ಲರ ಪೀರಿಯಡ್ಡಿಗೆ ಅಂಕ ಬೇಡ, ರಕ್ಷಣೆ ಬೇಕು. ಆ ಅವಧಿಯನ್ನು ಬೇರೆ ಪಾಠಕ್ಕೆ ಬಳಸುವಂತಿಲ್ಲ ಎಂಬ ಆದೇಶ, ಅದನ್ನು ನೋಡಿಕೊಳ್ಳುವ ಹೊಣೆ ತಾಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರಿಗೆ. ಹಾಡುವುದು ಎಲ್ಲರಿಗೂ ಇರಲಿ, ಸಂಗೀತದ ಪರೀಕ್ಷೆ ಬಯಸಿದವರಿಗೆ ಇರಲಿ ಎಂಬುದನ್ನು ಪಂಡಿತ ಪಂಚಾಕ್ಷರ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿರುವ ಗದಗಕ್ಕೆ ಯಾರೂ ವಿವರಿಸಬೇಕಿಲ್ಲ. ಪರೀಕ್ಷೆಯಿದೆ ಎಂಬ ಕಾರಣಕ್ಕೆ ಇಲ್ಲಿ ಹಾಡು ಸತ್ತಿಲ್ಲ.

ಎರಡನೆಯ ಆಕ್ಷೇಪ ನ್ಯಾಯದ್ದು. ಹುಟ್ಟಿನಿಂದ ಗಟ್ಟಿಮುಟ್ಟಾದವರಿಗೆ ಅಂಕ ಸುಲಭ, ತೆಳ್ಳಗಿನವರಿಗೆ, ಅಂಗವೈಕಲ್ಯ ಇರುವವರಿಗೆ, ಸಂಜೆ ಅಭ್ಯಾಸಕ್ಕೆ ನಿಲ್ಲಲಾಗದ ಹಳ್ಳಿಯ ಹುಡುಗಿಯರಿಗೆ ಕಷ್ಟ ಎನ್ನುತ್ತಾರೆ. ಬರೀ ವೇಗ, ದೂರ, ಎತ್ತರ ಅಳೆದರೆ ಹಾಗೆಯೇ ಆಗುತ್ತದೆ. ಅದಕ್ಕೇ ಲಿಖಿತ ಭಾಗಕ್ಕೆ ಹೆಚ್ಚು ತೂಕವಿರಬೇಕು, ಪ್ರಾಯೋಗಿಕದಲ್ಲೂ ಮಗು ವರ್ಷದ ಮೊದಲಿದ್ದ ಮಟ್ಟದಿಂದ ಎಷ್ಟು ಮುಂದೆ ಬಂತು, ಆಟವನ್ನು ಎಷ್ಟು ಅರಿಯಿತು, ಬೇರೆಯವರಿಗೆ ಹೇಗೆ ಕಲಿಸಿತು ಎಂಬುದನ್ನು ನೋಡಬೇಕು. ಕುಳಿತಲ್ಲಿಂದಲೇ ಗುಂಡು ಎಸೆಯುವ ಸ್ಪರ್ಧೆ ಪ್ಯಾರಾಲಿಂಪಿಕ್ಸ್‌ನಲ್ಲಿ ಇದೆ ಎಂದಮೇಲೆ ನಮ್ಮ ಪರೀಕ್ಷೆಯಲ್ಲೂ ಇರಬಹುದು. ಹುಡುಗಿಯರ ವಿಷಯದಲ್ಲಿ ಈ ವಾದ ತಿರುಗುಮುರುಗು ಕೂಡ ಆಗುತ್ತದೆ. ಅಭ್ಯಾಸ ಸಂಜೆಗೆ ಉಳಿದಿರುವುದು ಅದು ವೇಳಾಪಟ್ಟಿಯ ಹೊರಗಿರುವುದರಿಂದ. ವಿಷಯವೆಂದು ಒಪ್ಪಿದರೆ ಅದು ಶಾಲೆಯ ಹೊತ್ತಿನಲ್ಲೇ ನಡೆಯುತ್ತದೆ, ಕೊನೆಯ ಬಸ್ಸಿನ ಚಿಂತೆ ಇರುವುದಿಲ್ಲ. ಮಗಳು ಆಡುವುದು ಬೇಡ ಎನ್ನುವ ಮನೆಯವರೂ ಮಗಳು ಪರೀಕ್ಷೆಯ ವಿಷಯ ಓದುತ್ತಿದ್ದಾಳೆ ಎಂದರೆ ಸುಲಭಕ್ಕೆ ಬೇಡವೆನ್ನುವುದಿಲ್ಲ.

ಮೂರನೆಯದು ಆಡಳಿತದ ಆಕ್ಷೇಪ: ಬಯಲಿಲ್ಲ, ಮಾಸ್ತರರಿಲ್ಲ. ಇದು ಎಲ್ಲಕ್ಕಿಂತ ಗಟ್ಟಿಯಾದದ್ದು. ಈ ಭಾಗದ ಎರೆಮಣ್ಣು ಮಳೆ ಬಿದ್ದರೆ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕ್ರೀಡಾಕೂಟಗಳು ನಡೆಯುವುದು ನೇರ ಮಳೆಗಾಲದಲ್ಲಿ. ಕಪ್ಪತಗುಡ್ಡದ ಆಸುಪಾಸಿನ ಮಸಾರಿ ನೆಲದ ಊರುಗಳಿಗೆ ಈ ತೊಂದರೆ ಕಡಿಮೆ. ಎರೆನೆಲದ ಶಾಲೆಯ ಅಂಕಣಕ್ಕೆ ಒಂದಷ್ಟು ಗರಸು ಹಾಕಿ ಗಟ್ಟಿ ಮಾಡುವುದು ಗ್ರಾಮ ಪಂಚಾಯಿತಿಯ ಕೈಮೀರಿದ ಕೆಲಸವಲ್ಲ. ಗದಗದ ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣವನ್ನು ವಾರದ ನಿಗದಿತ ಹೊತ್ತು ಶಾಲೆಗಳಿಗೆ ಬಿಡಬಹುದು. ಶಿಕ್ಷಕರ ಕೊರತೆಯನ್ನು ಮಾತ್ರ ಗರಸು ಹಾಕಿ ಮುಚ್ಚಲಾಗದು, ಅದಕ್ಕೆ ನೇಮಕಾತಿಯೇ ಬೇಕು. ಆದರೆ ನೇಮಕಾತಿ ಯಾಕೆ ಆಗುವುದಿಲ್ಲ ಎಂಬುದನ್ನೂ ಕೇಳಬೇಕು. ಪರೀಕ್ಷೆಯಿಲ್ಲದ ವಿಷಯದ ಹುದ್ದೆ ಖಾಲಿಯಿದ್ದರೆ ಫಲಿತಾಂಶ ಕೆಡುವುದಿಲ್ಲ, ಪೋಷಕರು ಗೇಟಿಗೆ ಬಂದು ನಿಲ್ಲುವುದಿಲ್ಲ. ಸಹ ಶಿಕ್ಷಕರೆಂದು ಪರಿಗಣಿಸಿ, ಮುಖ್ಯ ಶಿಕ್ಷಕರ ಬಡ್ತಿ ಕೊಡಿ, ದೈಹಿಕ ಶಿಕ್ಷಣದ ಕುರಿತ ಪ್ರೊ. ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ದೈಹಿಕ ಶಿಕ್ಷಕರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಆ ಬೇಡಿಕೆಯ ಬುಡದಲ್ಲಿರುವುದೂ ಇದೇ: ವಿಷಯಕ್ಕೆ ಬೆಲೆಯಿಲ್ಲದ ಕಡೆ ವಿಷಯ ಕಲಿಸುವವರಿಗೆ ಬೆಲೆ ಬರುವುದಿಲ್ಲ. ಶಿಕ್ಷಕರು ಬಂದ ಮೇಲೆ ವಿಷಯ ತರೋಣ ಎಂದರೆ ಎರಡೂ ಬರುವುದಿಲ್ಲ.

ಅಂಕಗಳನ್ನು ಧಾರಾಳವಾಗಿ ಹಂಚುತ್ತಾರೆ ಎಂಬ ಅನುಮಾನಕ್ಕೆ ಉತ್ತರ ಸರಳ. ಪಿಯುಸಿ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಇರುವಂತೆ ಹೊರಗಿನ ಪರೀಕ್ಷಕರನ್ನು ಕಳಿಸಬೇಕು, ಓಟ, ಎಸೆತಗಳ ಅಳತೆಯನ್ನು ಎಲ್ಲರೆದುರು ದಾಖಲಿಸಬೇಕು. ಓದಿದವರಿಗೆ ನೌಕರಿ ಎಲ್ಲಿ ಎಂಬ ಪ್ರಶ್ನೆಗೆ ಮಾತ್ರ ಹೊಗಳಿಕೆಯ ಉತ್ತರ ಕೊಡಬಾರದು. ಸರ್ಕಾರಿ ದೈಹಿಕ ಶಿಕ್ಷಕರ ಹುದ್ದೆಗಳು ಕೆಲವೇ, ಈ ವಿಷಯ ಓದಿದವರೆಲ್ಲ ಆ ಹುದ್ದೆಗೇ ಕಾದರೆ ನಿರಾಸೆ ಖಂಡಿತ. ಇತಿಹಾಸ ಓದಿದವರೆಲ್ಲ ಇತಿಹಾಸದ ಮಾಸ್ತರರಾಗುತ್ತಾರೆ ಎಂಬ ನಂಬಿಕೆಯಿಂದ ಯಾರೂ ಇತಿಹಾಸವನ್ನು ಪಠ್ಯದಲ್ಲಿ ಇಟ್ಟಿಲ್ಲ. ಈ ವಿಷಯ ಓದಿದವರು ಸಮವಸ್ತ್ರದ ನೌಕರಿಗೆ, ಫಿಸಿಯೋಥೆರಪಿಗೆ, ಯೋಗಕ್ಕೆ, ನರ್ಸಿಂಗಿಗೆ, ಜಿಮ್ ತರಬೇತಿಗೆ ಒಂದು ಹೆಜ್ಜೆ ಮುಂದೆ ನಿಂತು ಹೊರಡುತ್ತಾರೆ. ಯಾವ ನೌಕರಿಗೂ ಹೋಗದೆ ಹೊಲದಲ್ಲೇ ಉಳಿದವರಿಗೂ ಬೆನ್ನು ಬಾಗಿಸದೆ ಚೀಲ ಎತ್ತುವ ಅರಿವು ಉಪಯೋಗಕ್ಕೆ ಬರುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕೈಬಿಟ್ಟ ಕರ್ನಾಟಕ ತನ್ನದೇ ನೀತಿಗಾಗಿ ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ಆಯೋಗವನ್ನು ರಚಿಸಿತು, ಅದರ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈಸೇರಿದೆ. ಪ್ರೌಢ ಹಂತದ ವಿಷಯಗಳ ಪಟ್ಟಿಯನ್ನು ಮತ್ತೆ ಬರೆಯುವ ಹೊತ್ತು ಇದು, ಮತ್ತೆ ಬೇಗ ಬರುವಂಥದ್ದಲ್ಲ. ಗದಗ ಜಿಲ್ಲೆಯ ಶಾಸಕರು, ಇಲ್ಲಿ ಶಾಲೆಗಳನ್ನು ನಡೆಸುವ ಮಠಗಳು, ಶಿಕ್ಷಣ ಸಂಸ್ಥೆಗಳು ಕೇಳಬೇಕಾದದ್ದು ಹೊಸ ಕ್ರೀಡಾಂಗಣವನ್ನಲ್ಲ, ಎರಡು ಸಾಲಿನ ಆದೇಶವನ್ನು. ಪ್ರೌಢಶಾಲೆಯ ಆಟದ ಅವಧಿಯನ್ನು ಬೇರೆ ಪಾಠಕ್ಕೆ ಬಳಸಕೂಡದು ಎಂಬುದು ಒಂದು. ದೈಹಿಕ ಶಿಕ್ಷಣವನ್ನು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯಲ್ಲಿ ಆಯ್ಕೆಯ ವಿಷಯವಾಗಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಖರ್ಚಿಲ್ಲ. ಎರಡನೆಯದಕ್ಕೆ ಬೇಕಾದ ಶಿಕ್ಷಕರ ಅರ್ಹತೆಯನ್ನು ದೇಶ 2014ರಲ್ಲೇ ನಿಗದಿ ಮಾಡಿದೆ, ಪಠ್ಯದ ಅರ್ಧ ಭಾಗ ಈಗಾಗಲೇ ಅಚ್ಚಾಗಿದೆ. ಇಷ್ಟಾದರೂ ಐದು ಶಾಲೆಗಳಲ್ಲಿ ಪ್ರಯೋಗಕ್ಕಾದರೂ ಶುರುವಾಗದಿದ್ದರೆ, ಅಡ್ಡಿಯಾದದ್ದು ಹಣವಲ್ಲ, ಮೈಯಿಂದ ಕಲಿಯುವುದನ್ನು ವಿದ್ಯೆಯೆಂದು ಒಪ್ಪದ ಮನಸ್ಸು ಎಂದೇ ತಿಳಿಯಬೇಕಾಗುತ್ತದೆ.